ಮುಲಾಮು ಬದಲಿಸುವ ಮೊದಲು ಗಂಟಿನ ಚೂರು ಪರೀಕ್ಷೆಗೆ ಹೋಗಲಿ

ಸ್ತನದಲ್ಲೋ ಜಠರದಲ್ಲೋ ಮೂತ್ರಪಿಂಡದಲ್ಲೋ ಹುಟ್ಟಿದ ಕ್ಯಾನ್ಸರ್ ಮೈಮೇಲಿನ ಚರ್ಮಕ್ಕೂ ಬಂದು ನೆಲೆಸಬಲ್ಲದು ಎಂಬ ಸಂಗತಿ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಕ್ಯಾನ್ಸರ್ ಹರಡಿದೆ ಎಂದ ಕೂಡಲೇ ಮನಸ್ಸಿಗೆ ಬರುವುದು ಯಕೃತ್ತು, ಶ್ವಾಸಕೋಶ, ಮೂಳೆ, ಮಿದುಳು. ಇವುಗಳಲ್ಲಿ ಏನಾಗಿದೆ ಎಂದು ತಿಳಿಯಲು ಸ್ಕ್ಯಾನ್ ಬೇಕು, ಅದಕ್ಕೆ ಊರು ಬಿಟ್ಟು ಹೋಗಬೇಕು, ಸರದಿಯಲ್ಲಿ ಕಾಯಬೇಕು, ದುಡ್ಡು ಹೊಂದಿಸಬೇಕು. ಚರ್ಮದಲ್ಲಿ ಏನಾಗಿದೆ ಎಂದು ತಿಳಿಯುವ ಮೊದಲ ಹೆಜ್ಜೆಗೆ ಬೇಕಾದದ್ದು ಹಗಲ ಬೆಳಕು ಮತ್ತು ಮುಟ್ಟಿ ನೋಡುವ ಬೆರಳು. ಒಳಗಿನ ರೋಗ ಇಷ್ಟು ಅಗ್ಗವಾಗಿ ಕಣ್ಣಿಗೆ ಬೀಳುವ ಜಾಗ ದೇಹದಲ್ಲಿ ಇನ್ನೊಂದಿಲ್ಲ. ಆದರೆ ನಾವು ಆ ಅವಕಾಶವನ್ನು ತೀರಾ ಸುಲಭವಾಗಿ ಕಳೆದುಕೊಳ್ಳುತ್ತಿದ್ದೇವೆ. ನೋವಿಲ್ಲದ, ಗಟ್ಟಿಯಾದ, ಕೆಲವೇ ವಾರಗಳಲ್ಲಿ ಬೆಳೆದ ಗಂಟಿಗೆ ಮೊದಲು ಒಂದು ಮುಲಾಮು, ಅದು ಹಿಡಿಯದಿದ್ದರೆ ಇನ್ನೊಂದು, ಆಮೇಲೆ ಒಂದು ಸುತ್ತು ಆ್ಯಂಟಿಬಯಾಟಿಕ್, ಆಮೇಲೆ ನಾಟಿ ಔಷಧ. ಅಷ್ಟರಲ್ಲಿ ಮೂರು ನಾಲ್ಕು ತಿಂಗಳು ಕಳೆದಿರುತ್ತದೆ. ಒಂದು ಚಿಕಿತ್ಸೆಗೆ ಬಗ್ಗದ ಚರ್ಮದ ಗಂಟಿಗೆ ಎರಡನೆಯ ಚಿಕಿತ್ಸೆ ಕೊಡುವ ಮೊದಲು ಅದರೊಳಗೆ ಏನಿದೆ ಎಂದು ಸೂಜಿಯಿಂದಲೋ ಬಯಾಪ್ಸಿಯಿಂದಲೋ ನೋಡುವುದು ರೂಢಿಯಾಗಬೇಕು ಎಂಬುದು ಈ ಲೇಖನದ ವಾದ. ಹಿಂದೆ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರ ವಿಷಯದಲ್ಲಂತೂ ಆ ಮೊದಲ ಮುಲಾಮಿಗೂ ಕಾಯಬಾರದು.

ಇದು ಎಷ್ಟು ಜನರಲ್ಲಿ ಆಗುತ್ತದೆ? ಅಮೆರಿಕದ ಚರ್ಮವೈದ್ಯ ಡೊನಾಲ್ಡ್ ಲುಕಿಂಗ್‌ಬಿಲ್ ಮತ್ತು ಸಂಗಡಿಗರು ಕ್ಯಾನ್ಸರ್ ರೋಗಿಗಳ ದಾಖಲೆಗಳನ್ನು ಜಾಲಾಡಿ ಪ್ರಕಟಿಸಿದ ಎರಡು ಅಧ್ಯಯನಗಳು ಇಂದಿಗೂ ಈ ವಿಷಯದಲ್ಲಿ ಆಧಾರವಾಗಿವೆ. 1990ರಲ್ಲಿ ಪ್ರಕಟವಾದ ಮೊದಲನೆಯದರಲ್ಲಿ 7,316 ರೋಗಿಗಳ ಪೈಕಿ 367 ಮಂದಿಗೆ, ಅಂದರೆ ಶೇ 5ರಷ್ಟು ಜನಕ್ಕೆ, ಚರ್ಮದಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತ್ತು. ಅವರಲ್ಲಿ 59 ಮಂದಿಗೆ ರೋಗದ ಮೊಟ್ಟಮೊದಲ ಗುರುತೇ ಚರ್ಮದ ಮೇಲಿನದಾಗಿತ್ತು. 1993ರ ಎರಡನೆಯ ಅಧ್ಯಯನ ಕ್ಯಾನ್ಸರ್ ಈಗಾಗಲೇ ಬೇರೆಡೆಗೆ ಹರಡಿದ್ದ 4,020 ಮಂದಿಯನ್ನು ನೋಡಿತು. 420 ಮಂದಿಯಲ್ಲಿ ಅದು ಚರ್ಮವನ್ನು ತಲುಪಿತ್ತು. ಇಲ್ಲಿ ಗಮನಿಸಬೇಕಾದ ಅಂಕಿ ಇನ್ನೊಂದಿದೆ. ಆ 420ರಲ್ಲಿ 306 ಮಂದಿಯಲ್ಲಿ, ದುಗ್ಧರಸ ಗ್ರಂಥಿಗಳಾಚೆಗೆ ರೋಗ ಹರಡಿದೆ ಎಂದು ಮೊದಲು ತೋರಿಸಿಕೊಟ್ಟಿದ್ದು ಚರ್ಮವೇ. ಚರ್ಮದಲ್ಲೇ ಹುಟ್ಟುವ ಮೆಲನೋಮದ ರೋಗಿಗಳೂ ಈ ಲೆಕ್ಕದಲ್ಲಿದ್ದಾರೆ, ಹಾಗಾಗಿ ಒಳಗಿನ ಕ್ಯಾನ್ಸರ್‌ಗಳಿಗಷ್ಟೇ ಈ ಪ್ರಮಾಣವನ್ನು ಹಾಗೆಯೇ ಹಚ್ಚಲಾಗದು. ಆದರೂ ದಿಕ್ಕು ಸ್ಪಷ್ಟವಾಗಿದೆ. ಚರ್ಮದ ಗಂಟು ಕಾಣಿಸಿದಾಗ ಅದು ಎಲ್ಲರಿಗೂ ಮೊದಲೇ ಗೊತ್ತಿದ್ದ ಸುದ್ದಿಯನ್ನು ಮತ್ತೆ ಹೇಳುತ್ತಿರುವುದಿಲ್ಲ, ಬಹಳ ಸಲ ಅದೇ ಮೊದಲ ಸುದ್ದಿ.

ಯಾವ ಕ್ಯಾನ್ಸರ್ ಹೀಗೆ ಹೊರಬರುತ್ತದೆ ಎಂಬುದಕ್ಕೆ ಸ್ಥೂಲವಾದ ಉತ್ತರವಿದೆ. ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಉಳಿದೆಲ್ಲವನ್ನೂ ಹಿಂದಿಕ್ಕುತ್ತದೆ. 1993ರ ಅಧ್ಯಯನದಲ್ಲಿ ಚರ್ಮಕ್ಕೆ ಹರಡಿದ ಹೆಂಗಸರ ಪೈಕಿ ಶೇ 70ರಷ್ಟು ಮಂದಿಯ ಮೂಲ ಅದೇ. ಗಂಡಸರಲ್ಲಿ ಶ್ವಾಸಕೋಶ, ದೊಡ್ಡಕರುಳು, ಬಾಯಿ ಮತ್ತು ಗಂಟಲು, ಮೂತ್ರಪಿಂಡ. ಭಾರತಕ್ಕೆ ಈ ಪಟ್ಟಿ ಚೆನ್ನಾಗಿ ಪರಿಚಯವಿರುವಂಥದ್ದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 14 ಲಕ್ಷ ಹೊಸ ಕ್ಯಾನ್ಸರ್ ಪ್ರಕರಣಗಳು. ಅದರಲ್ಲಿ ಸ್ತನ ಕ್ಯಾನ್ಸರ್ ಸುಮಾರು 1.9 ಲಕ್ಷ, ಬಾಯಿ ಕ್ಯಾನ್ಸರ್ ಸುಮಾರು 1.4 ಲಕ್ಷ. ತಂಬಾಕು, ಗುಟ್ಕಾ, ಅಡಿಕೆಯ ಚಟದಿಂದ ಬರುವ ಬಾಯಿಯ ಕ್ಯಾನ್ಸರ್ ಮರಳಿದಾಗ ಮುಖ ಮತ್ತು ಕುತ್ತಿಗೆಯ ಚರ್ಮದಲ್ಲಿ, ಎಷ್ಟೋ ಸಲ ಹಳೆಯ ಹೊಲಿಗೆಯ ಗುರುತಿನ ಆಸುಪಾಸಿನಲ್ಲೇ, ಗಂಟುಗಳಾಗಿ ಏಳುತ್ತದೆ. ಇದನ್ನು ಹೊಲಿಗೆಯ ಕೀವು ಎಂದೋ ವಿಕಿರಣ ಚಿಕಿತ್ಸೆಯಿಂದಾದ ಗಡಸುತನ ಎಂದೋ ತಿಳಿದು ಸುಮ್ಮನಾಗುವುದು ಸುಲಭ.

ಒಳಗಿನ ರೋಗ ಹೊರಗೆ ಬರುವ ದಾರಿಗಳು ಹಲವು. ಸ್ತನದ ಗಡ್ಡೆ ಹತ್ತಿರದ ದುಗ್ಧನಾಳಗಳ ಮೂಲಕ ಎದೆಯ ಚರ್ಮಕ್ಕೆ ಬರುತ್ತದೆ. ಮೂತ್ರಪಿಂಡದ ಕ್ಯಾನ್ಸರ್ ರಕ್ತದಲ್ಲಿ ತೇಲಿ ದೂರದ ನೆತ್ತಿಯನ್ನು ಸೇರುತ್ತದೆ. ಕೆಲವೊಮ್ಮೆ ಶಸ್ತ್ರಚಿಕಿತ್ಸೆಯ ಗಾಯದಲ್ಲಿ ಉಳಿದ ಜೀವಕೋಶಗಳು ಅಲ್ಲೇ ಬೇರುಬಿಡುತ್ತವೆ. ರಕ್ತದಲ್ಲಿ ಸೇರಿದ ಕ್ಯಾನ್ಸರ್ ಕೋಶ ಎಲ್ಲ ಅಂಗಗಳನ್ನೂ ಸುತ್ತಿದರೂ ಕೆಲವೆಡೆ ಮಾತ್ರ ಏಕೆ ನೆಲೆಸುತ್ತದೆ ಎಂಬ ಪ್ರಶ್ನೆಯನ್ನು ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಎತ್ತಿದ್ದ. ಸ್ತನ ಕ್ಯಾನ್ಸರ್‌ನಿಂದ ಸತ್ತ 735 ಮಂದಿಯ ದಾಖಲೆಗಳನ್ನು ನೋಡಿ, ಬೀಜ ಎಲ್ಲೆಡೆ ಚೆಲ್ಲಿದರೂ ಹದವಾದ ನೆಲದಲ್ಲಷ್ಟೇ ಮೊಳೆಯುತ್ತದೆ ಎಂಬ ನಿಲುವಿಗೆ ಅವನು ಬಂದ. ನಂತರದ ಸಂಶೋಧನೆ ಈ ನಿಲುವಿಗೆ ಬಹಳಷ್ಟು ವಿವರ ಸೇರಿಸಿದೆ, ತಳ್ಳಿಹಾಕಿಲ್ಲ. ಬಹುತೇಕ ಕ್ಯಾನ್ಸರ್‌ಗಳಿಗೆ ಚರ್ಮ ಅಷ್ಟೇನೂ ಒಗ್ಗದ ನೆಲ, ಆದ್ದರಿಂದಲೇ ಯಕೃತ್ತು ಮತ್ತು ಮೂಳೆಗಳಿಗೆ ಹೋಲಿಸಿದರೆ ಇಲ್ಲಿ ಪ್ರಕರಣಗಳು ಕಡಿಮೆ.

ಕಡಿಮೆಯಾದರೂ, ಅದು ತೊಡುವ ವೇಷಗಳು ಮಾತ್ರ ಹಲವಾರು. ವೈದ್ಯರೂ ಎಡವುವುದು ಇಲ್ಲೇ. ಸಾಮಾನ್ಯ ರೂಪವೆಂದರೆ ಚರ್ಮದ ಒಳಪದರದಲ್ಲಿ ಕೂತ, ಗಟ್ಟಿಯಾದ, ಮುಟ್ಟಿದರೆ ನೋಯದ ಒಂದೋ ಹಲವೋ ಗಂಟುಗಳು. ಇವನ್ನು ಕೊಬ್ಬಿನ ಗಂಟು ಎಂದು ತಿಳಿಯುತ್ತಾರೆ. ಕೊಬ್ಬಿನ ಗಂಟು ಮೆತ್ತಗಿರುತ್ತದೆ, ವರ್ಷಗಟ್ಟಲೆ ಇದ್ದಲ್ಲೇ ಇರುತ್ತದೆ; ಇದು ಕಲ್ಲಿನ ಹಾಗೆ ಗಟ್ಟಿ, ವಾರಗಳಲ್ಲಿ ಬೆಳೆಯುತ್ತದೆ. ಸ್ತನ ಕ್ಯಾನ್ಸರ್ ಕೆಲವರಲ್ಲಿ ಎದೆಯ ಮೇಲೆ ಕೆಂಪಗೆ, ಬೆಚ್ಚಗೆ, ಅಂಚು ತುಸು ಉಬ್ಬಿದ ಪಟ್ಟೆಯಾಗಿ ಹರಡಿ ಥೇಟ್ ಚರ್ಮದ ಸೋಂಕಿನಂತೆ ಕಾಣುತ್ತದೆ. ಆದರೆ ಸೋಂಕಿಗೆ ಇರಬೇಕಾದ ಜ್ವರ ಇರುವುದಿಲ್ಲ, ರಕ್ತದ ಬಿಳಿಕಣಗಳ ಎಣಿಕೆ ಏರಿರುವುದಿಲ್ಲ, ಆ್ಯಂಟಿಬಯಾಟಿಕ್ ಎಷ್ಟು ಕೊಟ್ಟರೂ ಇಳಿಯುವುದಿಲ್ಲ. ಇನ್ನು ಕೆಲವರಲ್ಲಿ ಎದೆಯ ಇಡೀ ಚರ್ಮ ಗಡುಸಾಗಿ ಕವಚ ತೊಟ್ಟಂತಾಗುತ್ತದೆ. ನೆತ್ತಿಯಲ್ಲಿ ಒಂದು ಕಡೆ ಕೂದಲು ಉದುರಿ ಬೋಳಾಗುವುದನ್ನು ಹುಳು ಹತ್ತಿದೆ ಎಂದು ಬಿಡುತ್ತಾರೆ. ಅಲ್ಲಿಯ ಚರ್ಮ ನಯವಾಗಿಯೂ ಗಟ್ಟಿಯಾಗಿಯೂ ಇದ್ದರೆ ಅದು ಸ್ತನ ಕ್ಯಾನ್ಸರ್ ಬಂದು ಕೂತ ಜಾಗವಾಗಿರಬಹುದು. ಮೂತ್ರಪಿಂಡದ ಕ್ಯಾನ್ಸರ್ ರಕ್ತ ತುಂಬಿದ, ತಾಗಿದರೆ ಸುರಿಯುವ ಕೆಂಪು ಗುಳ್ಳೆಯಾಗಿ ನೆತ್ತಿಯಲ್ಲಿ ಏಳುತ್ತದೆ. ಅದೂ ಮೂತ್ರಪಿಂಡ ತೆಗೆಸಿಕೊಂಡು ಹಲವು ವರ್ಷ ಕಳೆದು, ಮನೆಯವರೆಲ್ಲ ರೋಗದ ಹೆಸರನ್ನೇ ಮರೆತ ಮೇಲೆ. ನೆತ್ತಿಯನ್ನು ನಮಗಿಂತ ಚೆನ್ನಾಗಿ ನೋಡುವವರು ಕ್ಷೌರಿಕರು. ಅವರು ಹೇಳಿದ ಮಾತನ್ನು ಕಿವಿಗೆ ಹಾಕಿಕೊಳ್ಳುವುದು ಒಳ್ಳೆಯದು.

ನಮ್ಮ ನಾಡಿಗೆ ಹೆಚ್ಚು ಸಂಬಂಧಪಟ್ಟ ವೇಷ ಇನ್ನೊಂದು. ಅಪರೂಪಕ್ಕೆ ಈ ಗಂಟುಗಳು ಒಂದು ನರದ ಜಾಡಿನಲ್ಲಿ, ಬೆನ್ನಿನಿಂದ ಎದೆಯವರೆಗೆ ಪಟ್ಟಿಯಂತೆ ಏಳುತ್ತವೆ. ನೋಡಿದವರೆಲ್ಲ ಅದನ್ನು ಸರ್ಪಸುತ್ತು ಎನ್ನುತ್ತಾರೆ. ಕರ್ನಾಟಕದ ಊರೂರಲ್ಲಿ ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚುವ, ಮಂತ್ರ ಹಾಕಿಸುವ, ಹರಕೆ ಹೊರುವ ರೂಢಿ ಇದೆ. ನಿಜವಾದ ಸರ್ಪಸುತ್ತು ವೈರಸ್‌ನಿಂದ ಬರುವ ರೋಗ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ತಾನಾಗಿ ಒಣಗುತ್ತದೆ. ಹಾಗೆ ಒಣಗುವುದರಿಂದಲೇ ಕೆಮ್ಮಣ್ಣಿಗೂ ಮಂತ್ರಕ್ಕೂ ಗುಣಪಡಿಸಿದ ಕೀರ್ತಿ ಸಿಗುತ್ತದೆ. ಈ ನಂಬಿಕೆಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಹಚ್ಚುವವರು ಹಚ್ಚಲಿ. ಆದರೆ ತಿಂಗಳು ಕಳೆದರೂ ಒಣಗದ, ನೀರುಗುಳ್ಳೆಯಾಗದೆ ಗಟ್ಟಿಯಾಗಿಯೇ ಉಳಿದ ಸುತ್ತು ಸರ್ಪಸುತ್ತು ಆಗಿರಲಾರದು ಎಂಬಷ್ಟು ತಿಳಿವಳಿಕೆ ಹಚ್ಚುವವರಿಗೂ ಹಚ್ಚಿಸಿಕೊಳ್ಳುವವರಿಗೂ ಇರಬೇಕು.

ಪಠ್ಯಪುಸ್ತಕಗಳಿಂದಲೂ ಒಂದು ತೊಡಕಿದೆ. ಚರ್ಮರೋಗದ ಹೆಸರಾಂತ ಪುಸ್ತಕಗಳು ಬಹುಕಾಲ ಬಿಳಿಯ ಚರ್ಮದ ಚಿತ್ರಗಳಿಂದಲೇ ತುಂಬಿದ್ದವು. ಅಲ್ಲಿ ಕೆಂಪು ಎಂದರೆ ಕಣ್ಣಿಗೆ ರಾಚುವ ಕೆಂಪು. ನಮ್ಮ ಗೋಧಿ ಬಣ್ಣದ, ಎಣ್ಣೆಗಪ್ಪು ಬಣ್ಣದ ಮೈಮೇಲೆ ಅದೇ ಉರಿಯೂತ ಕಂದಾಗಿಯೋ ನೇರಳೆ ಮಿಶ್ರಿತ ಕಪ್ಪಾಗಿಯೋ ಕಾಣುತ್ತದೆ, ಕೆಲವರಲ್ಲಿ ಬಣ್ಣವೇ ಬದಲಾಗದೆ ಚರ್ಮ ದಪ್ಪವಾದಂತೆ ಮಾತ್ರ ಅನ್ನಿಸುತ್ತದೆ. ಕಣ್ಣನ್ನಷ್ಟೇ ನಂಬಿದರೆ ಇದು ತಪ್ಪಿಹೋಗುತ್ತದೆ. ಬೆರಳಲ್ಲಿ ಚಿವುಟಿ ಎತ್ತಿದರೆ ಸುತ್ತಲಿನ ಚರ್ಮದಂತೆ ಮಡಚಿಕೊಳ್ಳುತ್ತದೆಯೇ, ಒಳಗೆ ಗೋಲಿಯಂಥದ್ದು ಸಿಗುತ್ತದೆಯೇ ಎಂದು ನೋಡಬೇಕು. ಹೊರರೋಗಿ ವಿಭಾಗದಲ್ಲಿ ಮೇಜಿನ ಆಚೆ ಕೂತೇ ಚೀಟಿ ಬರೆಯುವ ಅವಸರದಲ್ಲಿ ಇದು ನಡೆಯುವುದಿಲ್ಲ. ಹೆಂಗಸರು ಸೆರಗು ಸರಿಸಿ ಎದೆ ತೋರಿಸಲು ಹಿಂಜರಿಯುವ, ಪರೀಕ್ಷೆಗೆ ಮರೆಯ ಜಾಗವೇ ಇರದ ಆಸ್ಪತ್ರೆಗಳಲ್ಲಿ ಇನ್ನೂ ಕಷ್ಟ.

ಮುಟ್ಟಿ ನೋಡುವುದರಿಂದ ಏನು ಸಿಗುತ್ತದೆ ಎಂಬುದಕ್ಕೆ ವೈದ್ಯಕೀಯ ಚರಿತ್ರೆಯಲ್ಲೇ ಒಂದು ಹೆಸರು ಉಳಿದಿದೆ. ಅಮೆರಿಕದ ಮಿನ್ನೆಸೋಟ ರಾಜ್ಯದ ರಾಚೆಸ್ಟರ್ ಊರಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಸಿಸ್ಟರ್ ಮೇರಿ ಜೋಸೆಫ್ ಡೆಂಪ್ಸಿ ಎಂಬ ಸನ್ಯಾಸಿನಿ ಇದ್ದರು. ಪ್ರಸಿದ್ಧ ಶಸ್ತ್ರವೈದ್ಯ ವಿಲಿಯಂ ಮೇಯೊ ಅವರಿಗೆ ಶಸ್ತ್ರಚಿಕಿತ್ಸೆಯಲ್ಲಿ ನೆರವಾಗುತ್ತಿದ್ದವರು. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ಹೊಟ್ಟೆಯ ಚರ್ಮವನ್ನು ಶುಚಿಗೊಳಿಸುವಾಗ ಕೆಲವರ ಹೊಕ್ಕುಳಲ್ಲಿ ಗಟ್ಟಿ ಗಂಟು ಕೈಗೆ ತಾಗುವುದನ್ನು, ಅಂಥವರ ಹೊಟ್ಟೆ ತೆರೆದಾಗ ಒಳಗೆ ಕ್ಯಾನ್ಸರ್ ಹರಡಿರುವುದನ್ನು ಅವರು ಗಮನಿಸಿದರು. 1928ರಲ್ಲಿ ಮೇಯೊ ಈ ಗಂಟಿನ ಬಗ್ಗೆ ಬರೆದರು. 1949ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಹ್ಯಾಮಿಲ್ಟನ್ ಬೈಲಿ ತಮ್ಮ ಪುಸ್ತಕದಲ್ಲಿ ಅದಕ್ಕೆ ಸಿಸ್ಟರ್ ಮೇರಿ ಜೋಸೆಫ್ ಗಂಟು ಎಂದೇ ಹೆಸರಿಟ್ಟರು. ಜಠರ, ದೊಡ್ಡಕರುಳು, ಅಂಡಾಶಯ, ಮೇದೋಜೀರಕ ಗ್ರಂಥಿ ಇವುಗಳ ಕ್ಯಾನ್ಸರ್ ಹೊಕ್ಕುಳಲ್ಲಿ ಹೀಗೆ ಗಂಟಾಗಿ ಮೂಡುತ್ತದೆ. ಹೊಕ್ಕುಳ ಚರ್ಮ ತೆಳುವಾದದ್ದು, ಹೊಟ್ಟೆಯೊಳಗಿನ ಪೊರೆಗೆ ತೀರ ಸಮೀಪದ್ದು, ಹಲವು ರಕ್ತನಾಳ ಮತ್ತು ದುಗ್ಧನಾಳಗಳು ಕೂಡುವ ಜಾಗ. ಇಂದು ಜಗತ್ತಿನ ಎಲ್ಲ ವೈದ್ಯ ವಿದ್ಯಾರ್ಥಿಗಳೂ ಓದುವ ಈ ಲಕ್ಷಣವನ್ನು ಗುರುತಿಸಿದ್ದು ದಿನವೂ ರೋಗಿಗಳ ಮೈ ಮುಟ್ಟುತ್ತಿದ್ದ ಒಬ್ಬ ಶುಶ್ರೂಷಕಿ ಎಂಬುದನ್ನು ನಮ್ಮ ಆರೋಗ್ಯ ಇಲಾಖೆ ಗಂಭೀರವಾಗಿ ತೆಗೆದುಕೊಳ್ಳಬೇಕು. ನಮ್ಮ ಶುಶ್ರೂಷಕಿಯರ, ಆಶಾ ಕಾರ್ಯಕರ್ತೆಯರ ಕೈಗೂ ಆ ಶಕ್ತಿ ಇದೆ. ಏನನ್ನು ಹುಡುಕಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಈ ವಾದಕ್ಕೆ ಮೊದಲು ಬರುವ ಆಕ್ಷೇಪ, ಇದು ಅಪರೂಪದ ಸಂಗತಿ ಎನ್ನುವುದು. ಚರ್ಮದ ನೂರು ಗಂಟುಗಳಲ್ಲಿ ಬಹುಪಾಲು ಕೊಬ್ಬಿನ ಗಂಟು, ಬೆವರುಕುರು, ನರಹುಲಿ, ಮೇದಸ್ಸು ತುಂಬಿದ ಚೀಲ. ಎಲ್ಲಕ್ಕೂ ಬಯಾಪ್ಸಿ ಎಂದರೆ ಆಸ್ಪತ್ರೆಗಳು ತಾಳುತ್ತವೆಯೇ ಎಂದು ವೈದ್ಯರೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಎಲ್ಲ ಗಂಟಿಗೂ ಬಯಾಪ್ಸಿ ಬೇಕೆಂದು ಯಾರೂ ಹೇಳುತ್ತಿಲ್ಲ. ಹೊಸದಾಗಿ ಕಾಣಿಸಿಕೊಂಡದ್ದು, ಗಟ್ಟಿಯಾದದ್ದು, ನೋವಿಲ್ಲದ್ದು, ವಾರಗಳಲ್ಲಿ ಬೆಳೆದದ್ದು, ಎರಡು ಮೂರು ವಾರಗಳ ಸರಿಯಾದ ಚಿಕಿತ್ಸೆಗೂ ಬಗ್ಗದ್ದು ಎಂಬ ಜರಡಿಯಲ್ಲಿ ಹಿಡಿದರೆ ಉಳಿಯುವವು ಕೆಲವೇ. ರೋಗಿ ಮಧ್ಯವಯಸ್ಸು ದಾಟಿದ್ದರೆ, ತಂಬಾಕಿನ ಅಭ್ಯಾಸವಿದ್ದರೆ, ಕಾರಣವಿಲ್ಲದೆ ತೂಕ ಇಳಿದಿದ್ದರೆ, ಹಿಂದೆ ಕ್ಯಾನ್ಸರ್ ಬಂದಿದ್ದರೆ ಸಂಶಯ ಇನ್ನೂ ಗಟ್ಟಿಯಾಗುತ್ತದೆ. ಹಾಗೆ ಪರೀಕ್ಷಿಸಿದಾಗ ಕ್ಯಾನ್ಸರ್ ಸಿಗದಿದ್ದರೂ ಶ್ರಮ ವ್ಯರ್ಥವಾಗುವುದಿಲ್ಲ. ಚರ್ಮದ ಕ್ಷಯ, ಕುಷ್ಠ, ಆಳದ ಶಿಲೀಂಧ್ರ ಸೋಂಕು ಇವೂ ಹೀಗೆಯೇ ಗಂಟುಗಳಾಗಿ ಬರುವಂಥವು, ಇವೂ ಬಯಾಪ್ಸಿಯಲ್ಲೇ ಖಚಿತವಾಗುವಂಥವು, ಮತ್ತು ಇವಕ್ಕೆಲ್ಲ ಒಳ್ಳೆಯ ಔಷಧವಿದೆ. ಭಾರತೀಯರಲ್ಲಿ ಚರ್ಮದ ಕ್ಯಾನ್ಸರ್ ಕಡಿಮೆ ಎಂಬ ಸಮಾಧಾನವೂ ಇಲ್ಲಿ ಸಲ್ಲದು. ಚರ್ಮದಲ್ಲೇ ಹುಟ್ಟುವ ಕ್ಯಾನ್ಸರ್ ನಮ್ಮಲ್ಲಿ ಕಡಿಮೆ ಎಂಬುದು ನಿಜ, ಮೈಬಣ್ಣದ ರಕ್ಷೆ ಅದಕ್ಕೆ ಕಾರಣ. ಒಳಗಿನಿಂದ ಬರುವ ರೋಗವನ್ನು ಆ ಬಣ್ಣ ತಡೆಯುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು, ಮನಸ್ಸನ್ನು ಕಲಕುವಂಥದ್ದು. ಚರ್ಮಕ್ಕೆ ಬಂದಿದೆ ಎಂದರೆ ನಾಲ್ಕನೆಯ ಹಂತ, ಇನ್ನು ತಿಳಿದು ಮಾಡುವುದೇನು, ನೆಮ್ಮದಿಯಾಗಿ ಇರಲು ಬಿಡಿ ಎಂದು ಮನೆಯವರು ಮಾತ್ರವಲ್ಲ, ಕೆಲವು ವೈದ್ಯರೂ ಹೇಳುತ್ತಾರೆ. ಶ್ವಾಸಕೋಶ ಅಥವಾ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಚರ್ಮಕ್ಕೆ ಬಂದಾಗ ಉಳಿದ ಆಯುಸ್ಸು ಬಹಳ ಸಲ ತಿಂಗಳುಗಳ ಲೆಕ್ಕದ್ದು. ಅದನ್ನು ಮರೆಮಾಚುವುದು ಸರಿಯಲ್ಲ. ಆದರೆ ನಾಲ್ಕನೆಯ ಹಂತ ಎಂಬುದು ಎಲ್ಲ ಕ್ಯಾನ್ಸರ್‌ಗೂ ಒಂದೇ ಅರ್ಥ ಕೊಡುತ್ತಿದ್ದ ಕಾಲ ಕಳೆದಿದೆ. ಹಾರ್ಮೋನ್‌ಗೆ ಸ್ಪಂದಿಸುವ ಸ್ತನ ಕ್ಯಾನ್ಸರ್ ಚರ್ಮಕ್ಕೆ ಹರಡಿದ ಮೇಲೂ ಟಮಾಕ್ಸಿಫೆನ್, ಲೆಟ್ರೊಜೋಲ್‌ನಂಥ ಮಾತ್ರೆಗಳಿಂದ ವರ್ಷಗಟ್ಟಲೆ ಹತೋಟಿಯಲ್ಲಿ ಉಳಿದು ಮನೆಗೆಲಸ, ನೌಕರಿ ಮಾಡಿಕೊಂಡಿರುವ ಹೆಂಗಸರು ಇದ್ದಾರೆ. ಈ ಮಾತ್ರೆಗಳು ಕೈಗೆಟುಕದ ಬೆಲೆಯವಲ್ಲ. ಹರ್2 ಎಂಬ ಪ್ರೋಟೀನು ಹೆಚ್ಚಿರುವ ಸ್ತನ ಕ್ಯಾನ್ಸರ್‌ಗೆ ಟ್ರಾಸ್ಟುಜುಮ್ಯಾಬ್ ಇದೆ. ಮೂತ್ರಪಿಂಡದ ಕ್ಯಾನ್ಸರ್‌ಗೆ, ಶ್ವಾಸಕೋಶ ಕ್ಯಾನ್ಸರ್‌ನ ಕೆಲವು ಬಗೆಗಳಿಗೆ ಗುರಿಯಿಟ್ಟು ಹೊಡೆಯುವ ಔಷಧಗಳು ಬಂದಿವೆ. ಯಾವ ಔಷಧ ಹಿಡಿಯುತ್ತದೆ ಎಂದು ಹೇಳಬಲ್ಲದ್ದು ಗಡ್ಡೆಯ ಚೂರು ಮಾತ್ರ. ಹರಡಿದ ಗಂಟಿನ ಗುಣ ಮೂಲ ಗಡ್ಡೆಯ ಗುಣಕ್ಕಿಂತ ಬೇರೆಯಾಗಿರುವುದೂ ಉಂಟು. ಐದು ವರ್ಷದ ಹಿಂದಿನ ವರದಿ ನೋಡಿ ಇಂದಿನ ಔಷಧ ಬರೆದರೆ ಗುರಿ ತಪ್ಪಬಹುದು. ಯಕೃತ್ತಿನ ಆಳದಿಂದ ಚೂರು ತೆಗೆಯುವುದು ಅಪಾಯದ ಕೆಲಸ. ಚರ್ಮದಿಂದಾದರೆ ಮರಗಟ್ಟಿಸುವ ಒಂದು ಚುಚ್ಚುಮದ್ದು, ಒಂದೆರಡು ಹೊಲಿಗೆ, ಹತ್ತು ನಿಮಿಷ.

ಗುಣಪಡಿಸಲು ಆಗದ ಸ್ಥಿತಿಯಲ್ಲೂ ತಿಳಿಯುವುದರಿಂದ ಆಗುವ ಒಳಿತು ಸಣ್ಣದಲ್ಲ. ಗಂಟು ಒಡೆದು ಹುಣ್ಣಾದರೆ ರಕ್ತ ಸೋರುತ್ತದೆ, ಕೆಟ್ಟ ವಾಸನೆ ಬರುತ್ತದೆ, ರೋಗಿ ನಾಚಿಕೆಯಿಂದ ಕೋಣೆಯ ಮೂಲೆ ಸೇರುತ್ತಾರೆ, ಮೊಮ್ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳಲೂ ಹೆದರುತ್ತಾರೆ. ಕೆಲವೇ ದಿನಗಳ ವಿಕಿರಣ ಚಿಕಿತ್ಸೆ ಗಂಟನ್ನು ಕುಗ್ಗಿಸಿ ರಕ್ತ ನಿಲ್ಲಿಸಬಲ್ಲದು. ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿಮಾಡಿ ಹುಣ್ಣಿನ ಮೇಲೆ ಉದುರಿಸುವಂಥ ಅಗ್ಗದ ಉಪಾಯ ವಾಸನೆಯನ್ನು ಬಹುಮಟ್ಟಿಗೆ ತಗ್ಗಿಸುತ್ತದೆ. ಉಪಶಮನ ಆರೈಕೆಯ ದಾದಿಯರು ಇದನ್ನು ಚೆನ್ನಾಗಿ ಬಲ್ಲರು. ಆದರೆ ರೋಗದ ಹೆಸರೇ ಗೊತ್ತಿಲ್ಲದ ಮನೆಗೆ ಅವರು ಬರುವುದಾದರೂ ಹೇಗೆ? ಗೊತ್ತಿಲ್ಲದ ಆ ತಿಂಗಳುಗಳಲ್ಲಿ ಮನೆಯ ದುಡ್ಡು ಉಪಯೋಗವಿಲ್ಲದ ಮುಲಾಮುಗಳಿಗೆ, ಊರೂರಿನ ಮದ್ದಿಗೆ ಸೋರಿಹೋಗುತ್ತದೆ. ತನಗೆ ಉಳಿದ ಸಮಯ ಎಷ್ಟು, ಅದನ್ನು ಯಾರೊಂದಿಗೆ ಹೇಗೆ ಕಳೆಯಬೇಕು ಎಂದು ನಿರ್ಧರಿಸುವ ಹಕ್ಕು ರೋಗಿಯದು. ನೆಮ್ಮದಿಯ ಹೆಸರಿನಲ್ಲಿ ಆ ಹಕ್ಕನ್ನು ಕಿತ್ತುಕೊಳ್ಳಲು ಬೇರೆಯವರಿಗೆ ಅಧಿಕಾರವಿಲ್ಲ.

ಸೂಜಿ ತಾಗಿಸಿದರೆ, ಕತ್ತರಿ ಹಾಕಿದರೆ ಕ್ಯಾನ್ಸರ್ ಕೆರಳಿ ಹರಡುತ್ತದೆ ಎಂಬ ಭಯ ಹಳ್ಳಿಯಲ್ಲೂ ಬೆಂಗಳೂರಿನಲ್ಲೂ ಒಂದೇ ಸಮ ಇದೆ. ಸೂಜಿ ಹಾದ ದಾರಿಯಲ್ಲಿ ಕೋಶಗಳು ಉಳಿದು ಬೆಳೆದ ಪ್ರಸಂಗಗಳು ವೈದ್ಯಕೀಯದಲ್ಲಿ ದಾಖಲಾಗಿವೆ, ಆದರೆ ಅವು ಅತಿ ವಿರಳ. ಚರ್ಮದ ಗಂಟು ಒಳಗಿನ ಕ್ಯಾನ್ಸರ್‌ನದೇ ಆಗಿದ್ದರೆ ಅದು ಈಗಾಗಲೇ ಹರಡಿಯೇ ಅಲ್ಲಿಗೆ ಬಂದಿರುತ್ತದೆ. ಸೂಜಿಯಿಂದ ಹೊಸದಾಗಿ ಕೆಡುವುದೇನೂ ಉಳಿದಿರುವುದಿಲ್ಲ. ಬಯಾಪ್ಸಿ ಆದ ಸ್ವಲ್ಪ ದಿನಕ್ಕೇ ರೋಗ ಜೋರಾಯಿತು ಎಂದು ಜನ ಹೇಳುವುದು, ಬಹುಪಾಲು ಬಯಾಪ್ಸಿಗಳು ತೀರ ತಡವಾಗಿ ಆಗುವುದರಿಂದ.

ಮುಲಾಮುಗಳ ವಿಷಯದಲ್ಲಿ ಸರ್ಕಾರ ಕೈಕಟ್ಟಿ ಕೂತಿಲ್ಲ. 2018ರಲ್ಲಿ ಕೇಂದ್ರವು 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಅಧಿಸೂಚನೆ ಹೊರಡಿಸಿತು. ಚರ್ಮತಜ್ಞರ ಸಂಘ ವರ್ಷಗಳ ಕಾಲ ಒತ್ತಾಯಿಸಿದ್ದರ ಫಲ ಅದು. ಆದರೂ ಔಷಧದಂಗಡಿಯ ಮುಂದೆ ನಿಂತು ಮೈಮೇಲಿನ ಕಲೆ ತೋರಿಸಿದರೆ ಟ್ಯೂಬು ಕೈಗೆ ಬರುವುದು ನಿಂತಿಲ್ಲ. ಸ್ಟಿರಾಯ್ಡ್ ಹಚ್ಚಿದರೆ ಸುತ್ತಲಿನ ಕೆಂಪು, ತುರಿಕೆ ತುಸು ತಗ್ಗಿ ವಾಸಿಯಾಗುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ಒಳಗಿನ ಗಂಟು ಬೆಳೆಯುತ್ತಲೇ ಇರುತ್ತದೆ.

ಇದಕ್ಕೆಲ್ಲ ಹೊಸ ಯೋಜನೆ, ಹೊಸ ಹೆಸರು, ಹೊಸ ಫಲಕ ಬೇಕಾಗಿಲ್ಲ. ಕುಷ್ಠರೋಗದ ಕಾರ್ಯಕ್ರಮ ಒಂದು ಪೀಳಿಗೆಗೆ ಮೈಮೇಲಿನ ಮಚ್ಚೆಯನ್ನು ಮುಟ್ಟಿ ನೋಡಲು, ಸ್ಪರ್ಶಜ್ಞಾನ ಇದೆಯೇ ಎಂದು ಕೇಳಲು ಕಲಿಸಿತು. 2005ರ ಕೊನೆಗೆ ದೇಶದಲ್ಲಿ ಅದರ ಪ್ರಮಾಣ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯುವುದರ ಹಿಂದೆ ಔಷಧದ ಜೊತೆಗೆ ಆ ಕಲಿಕೆಯೂ ಇತ್ತು. ಇಂದು ಮೂವತ್ತು ದಾಟಿದವರ ತಪಾಸಣೆಗೆಂದು ಆಶಾ ಕಾರ್ಯಕರ್ತೆಯರು ತುಂಬುವ ಪ್ರಶ್ನಾವಳಿಯಲ್ಲಿ ಬಾಯಿಯ ಹುಣ್ಣು, ಸ್ತನದ ಗಂಟಿನ ಪ್ರಶ್ನೆಗಳ ಜೊತೆಗೆ ಚರ್ಮ ದಪ್ಪವಾಗಿದೆಯೇ, ಚರ್ಮದಲ್ಲಿ ಗಂಟುಗಳಿವೆಯೇ ಎಂಬ ಪ್ರಶ್ನೆಗಳೂ ಇವೆ. ಅವು ಇರುವುದು ಕುಷ್ಠದ ಪತ್ತೆಗಾಗಿ. ಗಂಟು ಇದೆ ಎಂದು ಗುರುತು ಹಾಕಿದ ಮೇಲೆ, ಕುಷ್ಠ ಅಲ್ಲ ಎಂದು ಗೊತ್ತಾದ ಕೂಡಲೇ ಆ ವ್ಯಕ್ತಿಯ ಪಾಲಿಗೆ ವಿಚಾರಣೆ ಮುಗಿಯಬಾರದು. ಹಾಗಾದರೆ ಇದು ಏನು ಎಂಬ ಮುಂದಿನ ಪ್ರಶ್ನೆಯನ್ನು ಕೇಳುವ ಹೊಣೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರದ್ದಾಗಬೇಕು. ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಮನೆಗೆ ಹೋಗುವವರ ಕೈಗೆ ಕೊಡುವ ಬಿಡುಗಡೆ ಪತ್ರ ಬಹುಪಾಲು ಇಂಗ್ಲಿಷಿನಲ್ಲಿರುತ್ತದೆ. ಮೈಮೇಲೆ ಎಲ್ಲಿಯೇ ಆಗಲಿ, ನೆತ್ತಿ, ಹೊಕ್ಕುಳು, ಹೊಲಿಗೆಯ ಗುರುತು ಸೇರಿ, ಹೊಸ ಗಂಟು ಕಂಡರೆ ನೋವಿಲ್ಲದಿದ್ದರೂ ಬಂದು ತೋರಿಸಿ ಎಂಬ ಒಂದು ವಾಕ್ಯ ಅದರಲ್ಲಿ ಕನ್ನಡದಲ್ಲಿ ಇರಬೇಕು. ಹತ್ತು ವರ್ಷ ಕಳೆದಿದ್ದರೂ ಬನ್ನಿ ಎಂಬುದೂ ಸೇರಬೇಕು, ಏಕೆಂದರೆ ಐದು ವರ್ಷ ದಾಟಿದರೆ ಗೆದ್ದಂತೆ ಎಂಬ ಜನಜನಿತ ಮಾತನ್ನು ಮೂತ್ರಪಿಂಡ, ಸ್ತನದ ಕ್ಯಾನ್ಸರ್‌ಗಳು ಎಷ್ಟೋ ಸಲ ಸುಳ್ಳು ಮಾಡಿವೆ.

ಕೊನೆಗೆ ಉಳಿಯುವ ಆಕ್ಷೇಪ, ತಾಲ್ಲೂಕು ಆಸ್ಪತ್ರೆಯಲ್ಲಿ ರೋಗಶಾಸ್ತ್ರಜ್ಞರೇ ಇಲ್ಲವಲ್ಲ, ಚೂರು ತೆಗೆದು ಏನು ಮಾಡುವುದು ಎಂಬುದು. ಚೂರು ತೆಗೆಯುವ ಜಾಗದಲ್ಲೇ ಅದನ್ನು ಓದುವವರೂ ಇರಬೇಕೆಂದಿಲ್ಲ. ಫಾರ್ಮಲಿನ್ ತುಂಬಿದ ಬೆರಳಷ್ಟು ಎತ್ತರದ ಡಬ್ಬಿಯಲ್ಲಿ ಹಾಕಿದ ಚೂರು ಹಲವು ದಿನ ಕೆಡದೆ ಉಳಿಯುತ್ತದೆ. ಸೂಜಿಯಿಂದ ತೆಗೆದು ಗಾಜಿನ ಮೇಲೆ ಸವರಿ ಆಲ್ಕೋಹಾಲ್‌ನಲ್ಲಿ ಅದ್ದಿದ ಮಾದರಿಯೂ ಪ್ರಯಾಣ ತಡೆಯುತ್ತದೆ. ಕರ್ನಾಟಕದ ಹೆಚ್ಚಿನ ಜಿಲ್ಲೆಗಳಲ್ಲಿ ಈಗ ವೈದ್ಯಕೀಯ ಕಾಲೇಜುಗಳಿವೆ, ಅವುಗಳಲ್ಲಿ ರೋಗಶಾಸ್ತ್ರ ವಿಭಾಗವಿದೆ. ಕ್ಷಯದ ಕಫದ ಮಾದರಿಯನ್ನು ಹಳ್ಳಿಯಿಂದ ಪ್ರಯೋಗಾಲಯಕ್ಕೆ ಸಾಗಿಸುವ ಏರ್ಪಾಡನ್ನು ನಾವು ಮಾಡಿಕೊಂಡಿದ್ದೇವೆ, ಅದೇ ಗಾಡಿಯಲ್ಲಿ ಈ ಡಬ್ಬಿಗೂ ಜಾಗವಿದೆ. ಇದರ ಜೊತೆಗೆ ಇನ್ನೊಂದು ನಿಯಮ ಬೇಕು, ಮತ್ತು ಇದನ್ನು ಖಾಸಗಿ ನರ್ಸಿಂಗ್ ಹೋಮುಗಳಿಗೂ ಕಡ್ಡಾಯ ಮಾಡಬೇಕು: ಕೊಬ್ಬಿನ ಗಂಟೆಂದು, ಮಾಮೂಲಿ ಕುರುವೆಂದು ಕತ್ತರಿಸಿ ತೆಗೆದ ಯಾವುದನ್ನೂ ಪರೀಕ್ಷಿಸದೆ ಬಿಸಾಡಬಾರದು. ವರದಿ ಬರುವವರೆಗೆ ರೋಗಿಯ ಫೋನ್ ನಂಬರು ಆ ಆಸ್ಪತ್ರೆಯ ಪುಸ್ತಕದಲ್ಲಿರಬೇಕು, ವರದಿ ಬಂದ ದಿನ ಅಲ್ಲಿಂದಲೇ ಕರೆ ಹೋಗಬೇಕು.